ಕ್ಲೇರ್ ಕೌಂಟಿಯ ಕಲ್ಲುಮನೆ: ಸಿಮೆಂಟು ಕಳಚಿ ಸುಣ್ಣಕ್ಕೆ ಮರಳಿದ ದುರಸ್ತಿಯ ದಾಖಲೆ

ಐರ್ಲೆಂಡಿನ ಪಶ್ಚಿಮ ತೀರದ ಕ್ಲೇರ್ ಕೌಂಟಿಯಲ್ಲಿ ನಾನು ಮತ್ತು ನನ್ನ ಪತ್ನಿ ಕೊಂಡ ಹಳೆಯ ರೈತಮನೆಯೊಂದರ ದುರಸ್ತಿ ಈಗ ಬಹುಪಾಲು ಮುಗಿದಿದೆ. ಮಾಡಿದ ಕೆಲಸವನ್ನು ಅದರ ಕಾರಣಗಳೊಂದಿಗೆ ಇಲ್ಲಿ ಬರೆದಿಡುತ್ತಿದ್ದೇನೆ. ಕಾರಣಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಈ ಮನೆಗೆ ತಗುಲಿದ ಕೇಡುಗಳಲ್ಲಿ ಹೆಚ್ಚಿನವು ಮುಪ್ಪಿನಿಂದ ಬಂದವಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಒಳ್ಳೆಯ ಉದ್ದೇಶದಿಂದಲೇ ನಡೆದ ರಿಪೇರಿಗಳಿಂದ ಬಂದವು. ಹೀಗಾಗಿ ಹೊಸದಾಗಿ ಕಟ್ಟಿದ್ದಕ್ಕಿಂತ ತೆಗೆದು ಹೊರಗೆ ಹಾಕಿದ್ದೇ ನಮ್ಮ ಕೆಲಸದ ದೊಡ್ಡ ಪಾಲು.

ಮನೆ ದೊಡ್ಡದಲ್ಲ. ಹೊರಗಿನ ಅಳತೆಯಲ್ಲಿ ಸುಮಾರು 13 ಮೀಟರ್ ಉದ್ದ, 5 ಮೀಟರಿಗಿಂತ ತುಸು ಹೆಚ್ಚು ಅಗಲ. ಗೋಡೆಗಳೇ 60 ಸೆಂಟಿಮೀಟರ್ ದಪ್ಪವಿರುವುದರಿಂದ ಒಳಗೆ ದಕ್ಕುವ ಅಗಲ ನಾಲ್ಕು ಮೀಟರ್ ಮಾತ್ರ. ಮೂರು ಕೋಣೆಗಳು ಒಂದರ ಮಗ್ಗುಲಿಗೆ ಒಂದು ಸಾಲಾಗಿ ನಿಂತಿವೆ. ಪ್ರತಿ ಕೋಣೆಯೂ ಮನೆಯ ಪೂರ್ತಿ ಅಗಲವನ್ನು ಆವರಿಸುತ್ತದೆ. ಒಂದನ್ನು ಹಾಯ್ದೇ ಇನ್ನೊಂದಕ್ಕೆ ಹೋಗಬೇಕು. ಐರ್ಲೆಂಡಿನ ಹಳ್ಳಿಮನೆಗಳೆಲ್ಲ ಬಹುಮಟ್ಟಿಗೆ ಹೀಗೆಯೇ, ಒಂದು ಕೋಣೆಯ ಆಳಕ್ಕಿಂತ ಹೆಚ್ಚು ಹಿಗ್ಗುವುದಿಲ್ಲ. ಅದಕ್ಕೆ ಕಾರಣ ಮರದ ಅಭಾವ. ಇಪ್ಪತ್ತನೆಯ ಶತಮಾನ ಆರಂಭವಾಗುವ ಹೊತ್ತಿಗೆ ಈ ದ್ವೀಪದಲ್ಲಿ ಕಾಡು ಉಳಿದದ್ದು ನೆಲದ ನೂರಕ್ಕೆ ಒಂದು ಭಾಗದಷ್ಟು ಮಾತ್ರ. ಬಡ ರೈತನಿಗೆ ಸಿಗುತ್ತಿದ್ದ ಗಿಡ್ಡ ಮರಗಳಿಂದ ನಾಲ್ಕೈದು ಮೀಟರಿಗಿಂತ ಅಗಲವಾದ ಮಾಡನ್ನು ಹೊರಿಸುವುದು ಆಗದ ಮಾತು. ಸಂಸಾರ ಬೆಳೆದಾಗ ಮನೆಯನ್ನು ಉದ್ದಕ್ಕೆ ಬೆಳೆಸುತ್ತಿದ್ದರು, ಅನುಕೂಲವಿದ್ದವರು ಮೇಲಕ್ಕೆ ಏರಿಸುತ್ತಿದ್ದರು, ಅಗಲಕ್ಕೆ ಮಾತ್ರ ಹೋಗುತ್ತಿರಲಿಲ್ಲ.

ಮನೆಯನ್ನು ಓದಿದ್ದು

ಸುತ್ತಿಗೆ ಹಿಡಿಯುವ ಮೊದಲು ಕಾಗದಪತ್ರಗಳನ್ನು ನೋಡಿದೆವು. ಐರ್ಲೆಂಡಿನಲ್ಲಿ ಸಿಗುವ ಈ ಸೌಕರ್ಯ ಬೇರೆಡೆ ಅಪರೂಪ. ಮೈಲಿಗೆ ಆರು ಅಂಗುಲದ ಪ್ರಮಾಣದಲ್ಲಿ ಇಡೀ ದೇಶವನ್ನು ಅಳೆದ ಆರ್ಡ್‌ನೆನ್ಸ್ ಸರ್ವೆ ಎಂಬ ಸರಕಾರಿ ಭೂಮಾಪನ ಸಂಸ್ಥೆಯ ಮೊದಲ ನಕ್ಷೆಗಳು 1830 ಮತ್ತು 40ರ ದಶಕಗಳವು. ಅನಂತರದ, ಮೈಲಿಗೆ 25 ಅಂಗುಲದ ನಕ್ಷೆಗಳು ಆ ಶತಮಾನದ ಕೊನೆಯ ಭಾಗದವು. ಮೊದಲನೆಯದರಲ್ಲಿ ನಮ್ಮ ಮನೆಯ ಜಾಗದಲ್ಲಿ ಗಿಡ್ಡನೆಯ ಆಯತವೊಂದಿದೆ, ಎರಡನೆಯದರಲ್ಲಿ ಅದೇ ಆಯತ ಉದ್ದವಾಗಿದೆ. ಇವೆರಡರ ನಡುವೆ 1845ರಿಂದಾಚೆಗಿನ ಮಹಾಕ್ಷಾಮ ಬಂದು ಹೋಗಿದೆ. 1841ರ ಜನಗಣತಿ ದೇಶದ ಮನೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ಒಂದೇ ಕೋಣೆಯ ಮಣ್ಣಿನ ಗುಡಿಸಲುಗಳನ್ನು ಕೊನೆಯ ದರ್ಜೆಗೆ ಹಾಕಿತ್ತು; ಆಗ ಅಂಥವು ಸುಮಾರು 4.9 ಲಕ್ಷ ಇದ್ದವು. ಹತ್ತು ವರ್ಷಗಳ ತರುವಾಯ ಎಣಿಸಿದಾಗ ಉಳಿದದ್ದು ಸುಮಾರು 1.35 ಲಕ್ಷ. ಇಂದು ನಾವು ಐರಿಷ್ ಹಳ್ಳಿಮನೆ ಎಂದು ಚಿತ್ರಗಳಲ್ಲಿ ನೋಡುವುದು ಉಳಿದುಕೊಂಡ ರೈತರ ಮನೆಗಳನ್ನು. ಅತ್ಯಂತ ಬಡವರ ಮನೆಗಳು ಅವರೊಂದಿಗೇ ಮಣ್ಣು ಸೇರಿದವು.

1901ರ ಜನಗಣತಿಯ ಮನೆಪಟ್ಟಿ ಇನ್ನೂ ಸ್ವಾರಸ್ಯಕರವಾದುದು. ಅದರಲ್ಲಿ ಪ್ರತಿ ಮನೆಗೂ ಅಂಕ ಕೊಟ್ಟಿದ್ದಾರೆ: ಕಲ್ಲು ಅಥವಾ ಇಟ್ಟಿಗೆಯ ಗೋಡೆಗೆ ಒಂದು, ಮಣ್ಣಿನ ಗೋಡೆಗೆ ಸೊನ್ನೆ, ಸ್ಲೇಟು ಅಥವಾ ತಗಡಿನ ಮಾಡಿಗೆ ಒಂದು, ಹುಲ್ಲಿನ ಮಾಡಿಗೆ ಸೊನ್ನೆ, ಕೋಣೆಗಳಿಗೂ ಮುಂಗೋಡೆಯ ಕಿಟಕಿಗಳಿಗೂ ಬೇರೆ ಬೇರೆ ಅಂಕ. ಎಲ್ಲವನ್ನೂ ಕೂಡಿಸಿ ದರ್ಜೆ ನಿರ್ಧರಿಸುತ್ತಿದ್ದರು. ನಮ್ಮ ಮನೆಗೆ ಗೋಡೆಯಲ್ಲಿ ಒಂದು, ಮಾಡಿನಲ್ಲಿ ಸೊನ್ನೆ. ಸರಕಾರದ ಕಾಗದದಲ್ಲೇ ಹುಲ್ಲಿನ ಮಾಡಿಗೆ ಸೊನ್ನೆ ಬೀಳುತ್ತಿದ್ದಾಗ, ಕೈಗೆ ನಾಲ್ಕು ಕಾಸು ಬಂದ ಕೂಡಲೇ ಜನ ತಗಡು ಹೊದಿಸಿದ್ದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಉಳಿದದ್ದನ್ನು ಗೋಡೆಯೇ ಹೇಳಿತು. ಹಿಂಗೋಡೆಯಲ್ಲಿ ಒಂದು ಕಡೆ ಕಲ್ಲುಗಳು ಒಂದರೊಳಗೊಂದು ಹೆಣೆದುಕೊಳ್ಳದೆ, ತಳದಿಂದ ಸೂರಿನವರೆಗೆ ನೆಟ್ಟನೆಯ ಸಂದೊಂದು ಓಡುತ್ತದೆ. ಮೊದಲ ಮನೆ ಮುಗಿದದ್ದು ಅಲ್ಲಿ. ಮೂರನೆಯ ಕೋಣೆಯನ್ನು ಆಮೇಲೆ ಸೇರಿಸಿದ್ದಾರೆ. ಮುಂಬಾಗಿಲಿಗೆ ನೇರ ಎದುರಾಗಿ ಹಿಂಗೋಡೆಯಲ್ಲಿ ಮುಚ್ಚಿದ ಬಾಗಿಲೊಂದರ ಗುರುತೂ ಸಿಕ್ಕಿತು. ಪಶ್ಚಿಮದ ಮನೆಗಳಲ್ಲಿ ಹೀಗೆ ಎದುರುಬದುರು ಬಾಗಿಲು ಇಡುವುದು ವಾಡಿಕೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆಯೋ ಆ ಕಡೆಯ ಬಾಗಿಲನ್ನು ಮುಚ್ಚಿ ಇನ್ನೊಂದನ್ನು ತೆರೆದರೆ ಒಲೆಯ ಹೊಗೆ ಸರಿಯಾಗಿ ಮೇಲೇರುತ್ತದೆ. ಹಿಂದಿನ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ದನಗಳೂ ಅದೇ ಮಾಡಿನ ಕೆಳತುದಿಯಲ್ಲಿ ಇರುತ್ತಿದ್ದುದರಿಂದ ಅವುಗಳನ್ನು ಒಳಗೆ ಹೊಡೆಯಲೂ ಹೊರಗೆ ಬಿಡಲೂ ಅನುಕೂಲ. ಪೂರ್ವ ಮತ್ತು ಆಗ್ನೇಯ ಭಾಗಗಳ ಮನೆಗಳ ಬಗೆ ಬೇರೆ. ಅಲ್ಲಿ ಬಾಗಿಲು ತೆರೆದರೆ ಒಲೆಯನ್ನು ಮರೆಮಾಡುವ ಸಣ್ಣ ಗೋಡೆಯೊಂದು ಎದುರಾಗುತ್ತದೆ, ಒಲೆಯ ಬಳಿ ಕುಳಿತವರು ಬಂದವರಾರೆಂದು ನೋಡಲು ಅದರಲ್ಲೊಂದು ಪುಟ್ಟ ಕಿಂಡಿ. ನಮ್ಮಲ್ಲಿ ಅಂಥ ಗೋಡೆಯಿಲ್ಲ, ಬಾಗಿಲು ನೇರವಾಗಿ ಅಡುಗೆಮನೆಗೆ ತೆರೆಯುತ್ತದೆ. ಒಲೆಯ ಜಾಗವನ್ನು ಆಧಾರವಾಗಿಟ್ಟು ಐರಿಷ್ ಮನೆಗಳನ್ನು ವಿಂಗಡಿಸಿ ನೋಡಿದವರಲ್ಲಿ 1930ರ ದಶಕದಲ್ಲಿ ಇಲ್ಲಿಗೆ ಬಂದಿದ್ದ ಸ್ವೀಡನ್ನಿನ ವಿದ್ವಾಂಸ ಓಕೆ ಕ್ಯಾಂಪ್‌ಬೆಲ್ ಮೊದಲಿಗರ ಸಾಲಿನವರು. ಕೋಣೆಗಳ ಸಂಖ್ಯೆ ಬದಲಾಗಬಹುದು, ಬಾಗಿಲು ಮುಚ್ಚಬಹುದು, ಆದರೆ ಒಲೆಯ ಜಾಗ ಸುಲಭಕ್ಕೆ ಕದಲುವುದಿಲ್ಲ ಎಂಬುದು ಈ ಮನೆಯ ಮಟ್ಟಿಗಂತೂ ನಿಜ.

ಸಿಮೆಂಟಿನ ಕವಚ

ಹೊರಗಿನಿಂದ ಮನೆ ಗಟ್ಟಿಮುಟ್ಟಾಗಿಯೇ ಕಾಣುತ್ತಿತ್ತು. ಒಳಗೆ ಮಾತ್ರ ಗೋಡೆಗಳು ಎದೆಯೆತ್ತರದವರೆಗೆ ತೊಯ್ದು ಹಸಿರುಗಟ್ಟಿದ್ದವು. ನೋಡಲು ಬಂದ ಕಂಟ್ರಾಕ್ಟರರೊಬ್ಬರು ಗೋಡೆಗೆ ರಾಸಾಯನಿಕ ಚುಚ್ಚಿ, ಒಳಗಡೆ ಮರದ ಚೌಕಟ್ಟು ನಿಲ್ಲಿಸಿ, ಅದರ ಮೇಲೆ ಹಲಗೆ ಹೊಡೆದು ಎಲ್ಲವನ್ನೂ ಮುಚ್ಚಿಬಿಡುವ ಸಲಹೆ ಕೊಟ್ಟರು. ಅದನ್ನು ಕೈಬಿಟ್ಟು, ಹಳೆಯ ಮನೆಗಳ ಕೆಲಸದಲ್ಲೇ ಕೂದಲು ಹಣ್ಣಾದ ಊರಿನ ಮೇಸ್ತ್ರಿಯೊಬ್ಬರನ್ನು ಕರೆದೆವು. ಅವರು ಕರಣೆಯ ಹಿಡಿಯಿಂದ ಗೋಡೆಯನ್ನು ಉದ್ದಕ್ಕೂ ತಟ್ಟುತ್ತ ಹೋದರು. ಎಷ್ಟೋ ಕಡೆ ಟೊಳ್ಳು ಸದ್ದು ಬಂತು. ಹೊರಗಿನ ಸಿಮೆಂಟು ಗೋಡೆಯನ್ನು ಬಿಟ್ಟು ಬೇರೆಯಾಗಿ ನಿಂತಿತ್ತು.

ಈ ಗೋಡೆಗಳ ರಚನೆ ತಿಳಿದರೆ ಕೇಡಿನ ಮೂಲ ತಿಳಿಯುತ್ತದೆ. ಹೊರಮುಖಕ್ಕೊಂದು, ಒಳಮುಖಕ್ಕೊಂದು ಕಲ್ಲಿನ ವರಸೆ; ನಡುವೆ ಚೂರುಕಲ್ಲು ಮತ್ತು ಜೇಡಿಮಣ್ಣು; ಅಲ್ಲಲ್ಲಿ ಎರಡೂ ಮುಖಗಳನ್ನು ಹಿಡಿದು ನಿಲ್ಲಿಸುವ ಉದ್ದನೆಯ ಅಡ್ಡಗಲ್ಲುಗಳು. ಸುಣ್ಣಕ್ಕೆ ದುಡ್ಡು ಬೇಕು, ಮಣ್ಣಿಗೆ ಬೇಡ. ಆದ್ದರಿಂದ ಕಲ್ಲು ಕೂರಿಸಿದ್ದು ಮಣ್ಣಿನಲ್ಲಿ, ಸುಣ್ಣ ಬಳಸಿದ್ದು ಹೊರಗಿನ ಸಂದುಗಳಿಗೆ ಮತ್ತು ಲೇಪಕ್ಕೆ. ಐರ್ಲೆಂಡಿನ ಪಶ್ಚಿಮದಲ್ಲಿ ವರ್ಷಕ್ಕೆ ಸುಮಾರು 225 ದಿನ ಮಳೆ ಬೀಳುತ್ತದೆ. ಮಲೆನಾಡಿನ ಜಡಿಮಳೆಯಂಥದ್ದಲ್ಲ ಇದು, ಗಾಳಿಯ ಜೊತೆ ಅಡ್ಡಲಾಗಿ ಬಂದು ಗೋಡೆಗೆ ಬಡಿಯುವ ಮಳೆ. ಸುಣ್ಣದ ಲೇಪ ಆ ನೀರಲ್ಲಿ ಸ್ವಲ್ಪವನ್ನು ಹೀರಿಕೊಳ್ಳುತ್ತದೆ, ಮಳೆ ನಿಂತು ಗಾಳಿ ಬೀಸಿದಾಗ ಬಿಟ್ಟುಕೊಡುತ್ತದೆ. ಒದ್ದೆಯಾಗುವುದೂ ಒಣಗುವುದೂ ಗೋಡೆಯ ನಿತ್ಯಕರ್ಮ. ಸಿಮೆಂಟು ಬಂದ ಮೇಲೆ ಅದು ಕೆಟ್ಟಿತು. ಗಟ್ಟಿಯಾದ ಸಿಮೆಂಟು ಗೋಡೆಯ ಅಲುಗಾಟಕ್ಕೆ ಬಾಗದೆ ಕೂದಲೆಳೆಯಷ್ಟು ಸಣ್ಣಗೆ ಬಿರುಕು ಬಿಡುತ್ತದೆ, ಆ ಬಿರುಕುಗಳಲ್ಲಿ ನೀರು ಒಳಗೆ ಇಳಿಯುತ್ತದೆ, ಇಳಿದ ನೀರಿಗೆ ಆವಿಯಾಗಿ ಹೊರಗೆ ಹೋಗಲು ದಾರಿಯಿಲ್ಲದೆ ಅದು ಒಳಮುಖದ ಕಡೆಗೆ ಸಾಗುತ್ತದೆ. ಒಳಗೆ ಪ್ಲಾಸ್ಟಿಕ್ ಪೇಂಟು ಬಳಿದಿದ್ದರೆ ಅಲ್ಲಿಯೂ ತಡೆ. ಗೋಡೆಯ ನಡುವಿನ ಜೇಡಿಮಣ್ಣು ವರ್ಷಗಟ್ಟಲೆ ಕೆಸರಾಗಿಯೇ ಉಳಿಯುತ್ತದೆ.

ಕೆಲಸ ಶುರುವಾದದ್ದು ವಸಂತದಲ್ಲಿ. ಯಂತ್ರ ಬಳಸಲಿಲ್ಲ, ಏಕೆಂದರೆ ಅದರ ಅದುರಾಟಕ್ಕೆ ಮಣ್ಣಿನ ಗೋಡೆ ಸಡಿಲವಾಗುತ್ತದೆ. ಚಪ್ಪಟೆ ಉಳಿ ಮತ್ತು ಕೈಸುತ್ತಿಗೆಯಿಂದ ಮೇಲಿನಿಂದ ಕೆಳಕ್ಕೆ ಹಲ್ಲೆಹಲ್ಲೆಯಾಗಿ ಎಬ್ಬಿಸಿದೆವು. ಟೊಳ್ಳಾದ ಕಡೆ ಹಾಸಗಲದ ತುಂಡುಗಳು ಒಮ್ಮೆಗೇ ಕಳಚಿ ಬಿದ್ದವು. ಅವುಗಳ ಹಿಂಬದಿಯಲ್ಲಿ ಕಲ್ಲಿನ ಅಚ್ಚು ಮೂಡಿತ್ತು, ಅಚ್ಚಿನ ತುಂಬ ಕಪ್ಪು ನೀರು ಒಸರುತ್ತಿತ್ತು, ಗೋಡೆಯ ಸಂದಿಗೆ ಬೆರಳಿಟ್ಟರೆ ಎರಡನೆಯ ಗೆಣ್ಣಿನವರೆಗೆ ತಡೆಯಿಲ್ಲದೆ ಒಳಗೆ ಹೋಗುತ್ತಿತ್ತು. ಈ ಭಾಗದ ಮರಳುಗಲ್ಲು ಗಟ್ಟಿಯಾದ್ದರಿಂದ ಸಿಮೆಂಟಿನೊಂದಿಗೆ ಕಲ್ಲಿನ ಮುಖ ಕಿತ್ತು ಬರಲಿಲ್ಲ. ಮೆದುಕಲ್ಲಿನ ಗೋಡೆಯಾಗಿದ್ದರೆ ಇಷ್ಟು ಸಲೀಸಾಗುತ್ತಿರಲಿಲ್ಲ. ಪಡುವಣ ಗೋಡೆಯನ್ನು ಹಬ್ಬಿದ್ದ ಐವಿ ಬಳ್ಳಿಯನ್ನು ಬುಡದಲ್ಲಿ ಕೊಯ್ದು ಹಾಗೆಯೇ ಬಿಟ್ಟೆವು. ಹಸಿ ಬಳ್ಳಿಯನ್ನು ಎಳೆದರೆ ಅದರ ಬೇರಿನ ಜೊತೆ ಕಲ್ಲೂ ಬರುತ್ತದೆ. ಒಣಗಿದ ಮೇಲೆ ಕೈಯಲ್ಲೇ ಬಿಡಿಸಬಹುದು. ಸಿಮೆಂಟು ತೆಗೆದ ಗೋಡೆಯನ್ನು ಬೇಸಿಗೆಯುದ್ದಕ್ಕೂ ಗಾಳಿಗೆ ಬಿಟ್ಟೆವು, ಅದರ ತಲೆಗೆ ಮಾತ್ರ ಟಾರ್ಪಾಲು ಹೊದಿಸಿದ್ದೆವು. ಈ ಕಾಯುವಿಕೆಯನ್ನು ಬಿಟ್ಟುಬಿಡುವಂತಿಲ್ಲ.

ಇಲ್ಲೊಂದು ಮಾತು ಹೇಳಬೇಕು. ಸಿಮೆಂಟು ಕಳಚಿದ ಮೇಲೆ ಕಲ್ಲುಗಳು ಚೆಂದ ಕಾಣುತ್ತವೆಂದು ಗೋಡೆಯನ್ನು ಹಾಗೆಯೇ ಬೆತ್ತಲೆ ಬಿಡುವ ಶೋಕಿ ಈಗ ಐರ್ಲೆಂಡಿನ ತುಂಬ ಹರಡಿದೆ. ದನದ ಕೊಟ್ಟಿಗೆಯನ್ನು ಹಾಗೆ ಬಿಡುತ್ತಿದ್ದರೇ ಹೊರತು, ವಾಸದ ಮನೆಗೆ ಸುಣ್ಣದ ಲೇಪ ಹಾಕಿ ಬಿಳಿ ಬಳಿಯುತ್ತಿದ್ದರು. ಕಾಡುಗಲ್ಲಿನಿಂದ ಕಟ್ಟಿದ ಗೋಡೆಗೆ ಲೇಪವೇ ಕೊಡೆ; ಅದನ್ನು ಕಿತ್ತುಹಾಕಿ ಸಂದುಗಳಿಗೆ ಮತ್ತೆ ಸಿಮೆಂಟು ತುಂಬುವುದಕ್ಕಿಂತ ಹಳೆಯ ಕವಚವನ್ನು ಹಾಗೆಯೇ ಬಿಟ್ಟಿದ್ದರೆ ಲೇಸಿತ್ತು ಎನಿಸುವ ಮನೆಗಳನ್ನು ಇಲ್ಲಿ ಸಾಕಷ್ಟು ನೋಡಿದ್ದೇನೆ.

ಉಬ್ಬಿದ ಗೋಡೆ

ಹಿಂಗೋಡೆ ನಡುವಿನಲ್ಲಿ ಹೊರಕ್ಕೆ ಉಬ್ಬಿತ್ತು. ಮುಚ್ಚಿದ ಬಾಗಿಲಿನ ಪಕ್ಕದಲ್ಲಿ ನೀರು ಇಳಿದು, ನಡುವಿನ ಮಣ್ಣು ತೊಳೆದುಹೋಗಿ, ಚೂರುಕಲ್ಲು ಜಗ್ಗಿ ಹೊರಮುಖವನ್ನು ದೂಡಿತ್ತು. ತೂಗುಗುಂಡು ಇಳಿಬಿಟ್ಟು ನೋಡಿದಾಗ ಉಬ್ಬು ಅಂಗೈ ಅಗಲಕ್ಕಿಂತ ಹೆಚ್ಚಿತ್ತು. ಒಳಗೆ ಊರೆಗೋಲು ಕೊಟ್ಟು, ಹೊರಮುಖವನ್ನು ಮಾತ್ರ ಒಂದು ಮೀಟರಿನಷ್ಟು ಅಗಲದ ಭಾಗಗಳಾಗಿ ಬಿಚ್ಚಿ ಮತ್ತೆ ಕಟ್ಟಿದೆವು. ಒಂದು ಭಾಗ ಗಟ್ಟಿಯಾಗದೆ ಮಗ್ಗುಲಿನದನ್ನು ಮುಟ್ಟಲಿಲ್ಲ. ಬಿಚ್ಚಿದ ಕಲ್ಲುಗಳನ್ನು ಬಂದ ಸಾಲಿನಲ್ಲೇ ಹುಲ್ಲಿನ ಮೇಲೆ ಹರಡಿದ್ದರಿಂದ ಯಾವುದು ಎಲ್ಲಿಯದೆಂದು ಹುಡುಕಬೇಕಾಗಲಿಲ್ಲ. ಮೊದಲು ಕಟ್ಟಿದವರು ಅಡ್ಡಗಲ್ಲುಗಳಲ್ಲಿ ಜಿಪುಣತನ ಮಾಡಿದ್ದರು. ಬಿದ್ದುಹೋದ ಕೊಟ್ಟಿಗೆಯಿಂದ ಉದ್ದಗಲ್ಲುಗಳನ್ನು ಆರಿಸಿ, ಹೆಚ್ಚುಕಡಿಮೆ ಮೀಟರಿಗೊಂದರಂತೆ ಕೂರಿಸಿದೆವು. ದೊಡ್ಡ ಸಂದುಗಳಿಗೆ ಬರೀ ಗಾರೆ ತುಂಬದೆ ಚಕ್ಕೆಕಲ್ಲು ಹೊಡೆದು ಬಿಗಿ ಮಾಡಬೇಕು. ಗಾರೆ ಎಷ್ಟು ಕಡಿಮೆಯೋ ಕುಗ್ಗಿ ಬಿರಿಯುವುದೂ ಅಷ್ಟೇ ಕಡಿಮೆ.

ಸುಣ್ಣ

ಅಂಗಡಿಯಲ್ಲಿ ಚೀಲದಲ್ಲಿ ಸಿಗುವ, ನೀರು ಸೇರಿದಾಗಲೇ ಬಿಗಿಯುವ ಹೈಡ್ರಾಲಿಕ್ ಸುಣ್ಣವನ್ನು ನೆಲದ ಕೆಲಸಕ್ಕೆ ಬಳಸಿದೆವು. ಗೋಡೆಗೆ ಮಾತ್ರ ಮೇಸ್ತ್ರಿಯವರ ಹಟದಂತೆ ಸುಟ್ಟ ಸುಣ್ಣವನ್ನು ಮರಳಿನ ಜೊತೆ ಬಿಸಿಬಿಸಿಯಾಗಿಯೇ ಕಲಸಿದೆವು. ಒಂದು ಪಾಲು ಸುಣ್ಣದ ಹರಳಿಗೆ ಮೂರು ಪಾಲು ಒರಟು ಮರಳು. ಮರಳಿನ ನಡುವೆ ಗುಂಡಿ ಮಾಡಿ ಹರಳು ಸುರಿದು, ಮೇಲೆ ನೀರು ಚಿಮುಕಿಸಿ, ಮರಳನ್ನೇ ಮುಚ್ಚಳವಾಗಿ ಎಳೆದು ಕಾಯಬೇಕು. ಮೊದಲು ಏನೂ ಆಗದು. ಆಮೇಲೆ ಗುಡ್ಡೆ ಮೆಲ್ಲಗೆ ಬಿರಿದು, ಬಿರುಕುಗಳಿಂದ ಹಬೆ ಎದ್ದು, ಹರಳುಗಳು ಸೀಳುವ ಸದ್ದು ಕೇಳಿಸುತ್ತದೆ. ಗುಡ್ಡೆಯ ಒಳಗೆ ನೀರು ಕುದಿಯುವಷ್ಟು ಬಿಸಿ. 100 ಕಿಲೋ ಸುಣ್ಣ ಅರಳಲು ರಾಸಾಯನಿಕವಾಗಿ ಬೇಕಾಗುವ ನೀರು ಸುಮಾರು 32 ಕಿಲೋ, ಆದರೆ ಹಬೆಯಾಗಿ ಹೋಗುವುದನ್ನು ಲೆಕ್ಕ ಹಿಡಿದು ಹೆಚ್ಚೇ ಕೊಡಬೇಕಾಗುತ್ತದೆ. ಅರಳಿದ ಸುಣ್ಣ ಮೊದಲಿನ ಎರಡರಷ್ಟು ಜಾಗ ಹಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇಲ್ಲದೆ ಈ ಕೆಲಸಕ್ಕೆ ಯಾರೂ ಇಳಿಯಬಾರದು. ಕಣ್ಣಿಗೆ ಹಾರಿದ ಸುಣ್ಣದ ಕಿಡಿ ದೃಷ್ಟಿಯನ್ನೇ ತೆಗೆಯಬಲ್ಲದು. ಇಡೀ ಊರಿಗೆ ಸುಣ್ಣ ಒದಗಿಸುತ್ತಿದ್ದ ಹಳೆಯ ಸುಣ್ಣದ ಗೂಡುಗಳು ಕ್ಲೇರ್‌ನ ಹೊಲಗಳ ಅಂಚಿನಲ್ಲಿ ಈಗಲೂ ಪೊದೆ ಬೆಳೆದು ನಿಂತಿವೆ.

ಸಂದುಗಳಲ್ಲಿ ಸಡಿಲವಾದದ್ದನ್ನೆಲ್ಲ ಕೆರೆದು, ಸಂದಿನ ಅಗಲದ ಎರಡರಷ್ಟಾದರೂ ಆಳಕ್ಕೆ ಹೋಗಿ, ನೀರು ಚಿಮುಕಿಸಿ, ಗಾರೆಯನ್ನು ಒತ್ತಿ ತುಂಬಿದೆವು. ಅದು ಬೆರಳಿನ ಉಗುರಿಗೆ ಮಾತ್ರ ಗುರುತು ಬೀಳುವಷ್ಟು ಬಿಗಿದಾಗ ಗಡುಸು ಕೂದಲಿನ ಬ್ರಷ್ಷಿನಿಂದ ಕುಟ್ಟಬೇಕು. ಮೇಲ್ಮೈ ಒರಟಾದಷ್ಟೂ ಒಳಗಿನ ತೇವ ಬೇಗ ಹೊರಡುತ್ತದೆ. ಬಿಸಿಲು ಬಂದ ದಿನ ಒದ್ದೆ ಗೋಣಿತಾಟು ಇಳಿಬಿಟ್ಟೆವು. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುವ ಮೂಲಕ, ಅದಕ್ಕೆ ತೇವ ಬೇಕು, ನಿಧಾನವೂ ಬೇಕು. ಶಾಖ 5 ಡಿಗ್ರಿಗಿಂತ ಕೆಳಗಿಳಿದರೆ ಕೆಲಸ ಬಂದ್. ಹೀಗಾಗಿ ಇಲ್ಲಿ ಸುಣ್ಣದ ಕೆಲಸಕ್ಕೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಕಾಲವೇ ಕ್ಷೇಮ.

ಮಾಡು

ತಗಡನ್ನು ಎತ್ತುವ ಮೊದಲು ಬಾವಲಿಗಳ ತಪಾಸಣೆ ಮಾಡಿಸಬೇಕಾಯಿತು. ಇಲ್ಲಿ ಎಲ್ಲ ಜಾತಿಯ ಬಾವಲಿಗಳಿಗೂ ಕಾನೂನಿನ ರಕ್ಷಣೆಯಿದೆ. ಅವುಗಳ ನೆಲೆಯನ್ನು ಕೆಡಿಸುವುದು ಅಪರಾಧ. ನಮ್ಮ ಅಟ್ಟದಲ್ಲಿ ಒಂದಿಷ್ಟು ಹಿಕ್ಕೆ ಸಿಕ್ಕಿತು. ತಜ್ಞರು ಹೇಳಿದಂತೆ ಮರಿಮಾಡುವ ಕಾಲ ಕಳೆಯುವವರೆಗೆ ಮಾಡಿನ ಕೆಲಸವನ್ನು ಮುಂದಕ್ಕೆ ಹಾಕಿ, ಹೊಸ ಮಾಡಿನಲ್ಲೂ ಅವುಗಳಿಗೆ ನುಸುಳುದಾರಿ ಬಿಟ್ಟೆವು.

ತಗಡಿನ ಅಡಿಯಲ್ಲಿ ಹಳೆಯ ಹುಲ್ಲಿನ ಮಾಡು ಹಾಗೆಯೇ ಇತ್ತು. ಪಶ್ಚಿಮದಲ್ಲಿ ಇದು ಅಪರೂಪವಲ್ಲ. ಹುಲ್ಲು ಕೀಳುವ ಶ್ರಮ ಯಾರಿಗೆ ಬೇಕೆಂದು ಅದರ ಮೇಲೆಯೇ ರೀಪು ಹೊಡೆದು ತಗಡು ಹಾಕುತ್ತಿದ್ದರು. ಒಳಗಿನಿಂದ ಅಟ್ಟ ಹತ್ತಿ ದೀಪ ಹಿಡಿದಾಗ ಮಾಡಿನ ಪದರಗಳು ಕ್ರಮವಾಗಿ ಕಂಡವು. ಮೊದಲು ಕತ್ತರಿಯಾಕಾರದ ಜೋಡಿಮರಗಳು, ಅವುಗಳಿಗೆ ಅಡ್ಡಲಾಗಿ ತೊಲೆಗಳು, ತೊಲೆಗಳ ಮೇಲೆ ಸಿಪ್ಪೆಯನ್ನೂ ತೆಗೆಯದ ಕೊಂಬೆಗಳು. ಅವುಗಳ ಮೇಲೆ ಸ್ಕ್ರಾ ಎಂದು ಇಲ್ಲಿ ಕರೆಯುವ ಮಣ್ಣಿನ ಹಾಸು. ಹುಲ್ಲುಗಾವಲಿನಿಂದ ಬೇರುಸಮೇತ ಉದ್ದುದ್ದ ಪಟ್ಟಿಗಳಾಗಿ ಸೀಳಿ, ಕೋಲಿಗೆ ಸುತ್ತಿ ಹೊತ್ತು ತಂದು, ಮಾಡಿನ ನೆತ್ತಿಯಿಂದ ಬಿಚ್ಚಿ ಹರಡುತ್ತಿದ್ದರು. ನಮ್ಮ ಮನೆಯ ಹಾಸಿನ ಅಡಿಭಾಗ ತಲೆಮಾರುಗಳ ಟರ್ಫ್ (ಜೌಗುನೆಲದಿಂದ ಕಡಿದು ಒಣಗಿಸಿ ಉರಿಸುವ ಪೀಟ್ ಮಣ್ಣು) ಹೊಗೆ ಹಿಡಿದು ಡಾಂಬರಿನಂತೆ ಕಪ್ಪಾಗಿ ಹೊಳೆಯುತ್ತಿತ್ತು. ಮುರಿದು ನೋಡಿದರೆ ಒಳಗೆ ಬೇರುಗಳ ಜಾಲ ಇನ್ನೂ ಗುರುತು ಸಿಗುವಷ್ಟು ಸ್ಪಷ್ಟ. ಹುಲ್ಲಿನ ಹೊದಿಕೆಯನ್ನು ಈ ಹಾಸಿಗೆ ಸೇರಿಸುವುದು ಹೇಝಲ್ ಅಥವಾ ವಿಲೋ ಕಡ್ಡಿಗಳನ್ನು ಹೇರ್‌ಪಿನ್ನಿನಂತೆ ಬಗ್ಗಿಸಿ ಚುಚ್ಚುವ ಮೂಲಕ. ಕಡಲಂಚಿನ ಮನೆಗಳಲ್ಲಿ ಅಟ್ಲಾಂಟಿಕ್ ಗಾಳಿಗೆ ಅದೂ ಸಾಲದೆಂದು ಹುಲ್ಲಿನ ಮೇಲೆ ಹಗ್ಗಗಳನ್ನು ಹಾಯಿಸಿ, ಸೂರಿನ ಕೆಳಗೆ ಗೋಡೆಯಲ್ಲಿ ನೆಟ್ಟ ಕಲ್ಲುಗೂಟಗಳಿಗೆ ಬಿಗಿಯುತ್ತಿದ್ದರು.

ಜೋಡಿಮರಗಳಲ್ಲಿ ಎರಡು ಜೊತೆ ಜೌಗುನೆಲದಿಂದ ಅಗೆದು ತೆಗೆದ ಪೈನ್. ಸಾವಿರಾರು ವರ್ಷ ಪೀಟ್‌ನ ಅಡಿಯಲ್ಲಿ ಹೂತಿದ್ದರೂ ಕೆಡದ ಮರ ಇದು. ಕಾಡಿಲ್ಲದ ನಾಡಿನಲ್ಲಿ ಬಡವರ ಮರದ ಅಂಗಡಿಯೇ ಜೌಗು. ಮುಂಜಾನೆ ಇಬ್ಬನಿ ಬೇಗ ಆರಿದ ಕಡೆ ಕೆಳಗೆ ಮರವಿದೆಯೆಂದು ಗುರುತಿಸಿ, ಉದ್ದನೆಯ ಕಬ್ಬಿಣದ ಸರಳು ಚುಚ್ಚಿ ಹುಡುಕುತ್ತಿದ್ದರೆಂದು ಹೇಳುತ್ತಾರೆ. ಇದರ ಸೀಳುಗಳಲ್ಲಿ ರಾಳ ಎಷ್ಟಿರುತ್ತದೆಂದರೆ ಅವನ್ನೇ ಹಚ್ಚಿ ದೀಪವಾಗಿ ಬಳಸುತ್ತಿದ್ದರು. ಗೋಡೆಯೊಳಗೆ ಸೇರಿದ್ದ ಬುಡಗಳು ಮಾತ್ರ ಕೊಳೆತಿದ್ದವು. ಕೊಳೆತಷ್ಟನ್ನೇ ಓರೆಯಾಗಿ ಕೊಯ್ದು, ಒಣಗಿದ ಓಕ್ ತುಂಡು ಜೋಡಿಸಿ, ಓಕ್ ಗೂಟ ಹೊಡೆದೆವು.

ಮತ್ತೆ ಹುಲ್ಲು ಹೊದಿಸಬೇಕೆ ಎಂಬುದು ಬಹಳ ದಿನ ಚರ್ಚೆಯಾಯಿತು. ಹುಲ್ಲಿನ ಮನೆಗೆ ವಿಮೆ ಸಿಗುವುದೇ ಕಷ್ಟ, ಸಿಕ್ಕರೆ ದುಬಾರಿ. ನುರಿತ ಕೆಲಸಗಾರರೂ ಕಡಿಮೆ. ಕೊನೆಗೆ ತಗಡನ್ನೇ ಉಳಿಸಿಕೊಂಡೆವು. ನೂರಾರು ಮನೆಗಳನ್ನು ಬೀಳದಂತೆ ಕಾಪಾಡಿದ್ದು ಈ ಕೆಂಪು ತಗಡೇ ಆದ್ದರಿಂದ ಅದನ್ನು ಮನೆಯ ಚರಿತ್ರೆಗೆ ಅನ್ಯವೆಂದು ಭಾವಿಸಲಿಲ್ಲ. ಪಡುವಣ ಕೋಣೆಯ ಮೇಲಿನ ಮಣ್ಣಿನ ಹಾಸು ಗಟ್ಟಿಯಿದ್ದುದರಿಂದ ಅದನ್ನು ಕದಲಿಸದೆ, ಅದರ ಮೇಲೆ ಆವಿಯನ್ನು ಬಿಡುವ ಹಾಳೆ, ರೀಪು, ಹೊಸ ತಗಡು ಹಾಕಿದೆವು. ಉಳಿದೆಡೆ ಕುರಿಯುಣ್ಣೆಯ ಹೊದಿಕೆ ತುಂಬಿದೆವು.

ಒಲೆ

ಚಿಮಣಿಯ ತುಂಬ ಜ್ಯಾಕ್‌ಡಾ ಕಾಗೆಗಳು ತಂದು ಹಾಕಿದ ಕಡ್ಡಿ. ಅವನ್ನು ತೆಗೆದ ಮೇಲೆ ಒಳಗೋಡೆಯ ಹಳೆಯ ಲೇಪ ಉದುರಿಹೋಗಿರುವುದು ಕಂಡಿತು. ಚಿಮಣಿಯ ಒಳಮೈಗೆ ಸುಣ್ಣದ ಗಾರೆಯಲ್ಲಿ ಸಗಣಿ ಬೆರೆಸಿ ಬಳಿಯುವುದು ಇಲ್ಲಿನ ಹಿಂದಿನ ಪದ್ಧತಿ. ಬಿಸಿಗೆ ಬಿರಿಯದೆ ನಿಲ್ಲುತ್ತದೆ. ಪಕ್ಕದ ಹೊಲದ ರೈತರಲ್ಲಿ ಸಗಣಿ ಕೇಳಲು ಹೋದವರು ಭಾರತದವರು ಎಂಬುದು ಊರಿನಲ್ಲಿ ಒಂದು ವಾರದ ತಮಾಷೆಯಾಯಿತು, ನಮಗೆ ಮಾತ್ರ ಆ ಮಿಶ್ರಣದಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಒಲೆಯ ಮಗ್ಗುಲಿನ ಗೋಡೆಯಲ್ಲಿ ಉಪ್ಪು, ಹೊಗೆಸೊಪ್ಪು ಬೆಚ್ಚಗಿಡುವ ಗೂಡೊಂದಿದೆ, ಅದನ್ನು ಹಾಗೆಯೇ ಬಿಟ್ಟೆವು. ಮಡಕೆ ತೂಗುಹಾಕುತ್ತಿದ್ದ ಕಬ್ಬಿಣದ ತಿರುಗುಕಂಬ ತುಕ್ಕು ಕೆರೆದ ಮೇಲೆ ಈಗ ಮತ್ತೆ ತಿರುಗುತ್ತದೆ.

ಚಿಮಣಿಯ ಗೋಡೆಯಲ್ಲಿ ನಿಜವಾದ ತೊಂದರೆ ಕಂದು ಕಲೆಗಳದು. ಮಸಿ ಮತ್ತು ಲವಣಗಳು ಕಲ್ಲಿನೊಳಗೆ ಸೇರಿಕೊಂಡು, ಗಾಳಿಯ ತೇವ ಹೀರಿ, ಯಾವ ಲೇಪವನ್ನೂ ಹಾಯ್ದು ಹೊರಬರುತ್ತವೆ. ತಡೆಯುವ ಪೇಂಟು ಬಳಿದರೆ ಕಲೆ ಪಕ್ಕಕ್ಕೆ ಸರಿಯುತ್ತದೆ, ಅಷ್ಟೇ. ಲವಣಗಳನ್ನು ಎಳೆದುಕೊಳ್ಳಲೆಂದೇ ಮೆತ್ತನೆಯ ಸುಣ್ಣದ ಲೇಪವೊಂದನ್ನು ಹಾಕಿ, ಅದನ್ನು ಮುಂದೆ ತೆಗೆದು ಮತ್ತೆ ಹಾಕುವುದೆಂದು ನಿರ್ಧರಿಸಿದ್ದೇವೆ.

ನೆಲ

ಕಾಂಕ್ರೀಟು ನೆಲವನ್ನು ಎಬ್ಬಿಸಿದಾಗ ಒಲೆಯ ಮುಂದೆ ಮಾತ್ರ ಲಿಸ್ಕ್ಯಾನರ್ ಚಪ್ಪಡಿಗಳು ಸಿಕ್ಕವು, ಉಳಿದ ನೆಲ ಕುಟ್ಟಿದ ಜೇಡಿಮಣ್ಣು. ಈ ಜಿಲ್ಲೆಯದೇ ಆದ ಈ ಕಲ್ಲಿನ ಮೇಲೆ ಮೂವತ್ತು ಕೋಟಿ ವರ್ಷಗಳಿಗೂ ಹಿಂದೆ ಕಡಲ ತಳದ ಕೆಸರಿನಲ್ಲಿ ಹರಿದಾಡಿದ ಜೀವಿಗಳ ಜಾಡು ಅಂಕುಡೊಂಕಾಗಿ ಉಬ್ಬಿ ನಿಂತಿರುತ್ತದೆ. ಒಲೆಯ ಹತ್ತಿರದ ಕಲ್ಲಿನಲ್ಲಿ ಮಾತ್ರ ಆ ಜಾಡು ಸವೆದು ನುಣುಪಾಗಿದೆ; ಮನೆಯವರ ಕಾಲಾಡಿದ್ದು ಅಲ್ಲಿ. ನೃತ್ಯದ ಹೆಜ್ಜೆಯ ಸದ್ದು ಮೊಳಗಲೆಂದು ಒಲೆಯ ಮುಂದಿನ ಚಪ್ಪಡಿಯ ಅಡಿಯಲ್ಲಿ ಕುದುರೆಯ ತಲೆಬುರುಡೆ ಹೂಳುವ ರೂಢಿ ಐರ್ಲೆಂಡಿನ ಹಲವೆಡೆ ದಾಖಲಾಗಿದೆ. ಕುತೂಹಲದಿಂದ ನೋಡಿದೆವು; ನಮ್ಮಲ್ಲಿ ಇದ್ದದ್ದು ಬೂದಿ ಮಾತ್ರ.

ಕಾಂಕ್ರೀಟಿನ ಅಡಿಗೆ ಹಾಸಿದ್ದ ಪ್ಲಾಸ್ಟಿಕ್ ಹಾಳೆ ನೆಲದ ತೇವವನ್ನು ತಡೆದದ್ದೇನೋ ನಿಜ, ತಡೆದ ತೇವವೆಲ್ಲ ಅಂಚಿಗೆ ಸರಿದು ಗೋಡೆ ಹತ್ತಿತ್ತು. ಅಗೆಯುವ ಮೊದಲು ಗೋಡೆಯ ಬುಡದಲ್ಲಿ ಗುಂಡಿ ತೋಡಿ ನೋಡಿದೆವು. ಇಂಥ ಮನೆಗಳಿಗೆ ತಳಪಾಯವೆಂಬುದು ಹೆಸರಿಗಷ್ಟೇ. ಮೇಲ್ಮಣ್ಣು ಸರಿಸಿ ದೊಡ್ಡ ಕಲ್ಲುಗಳನ್ನು ನೇರವಾಗಿ ಕೂರಿಸಿರುತ್ತಾರೆ. ಆ ಕಲ್ಲುಗಳ ತಳ ನೆಲದಿಂದ 40 ಸೆಂಟಿಮೀಟರ್ ಕೆಳಗಿತ್ತು. ಅದಕ್ಕಿಂತ ಆಳಕ್ಕೆ ಹೋದರೆ ಗೋಡೆ ಜಾರುತ್ತದೆ, 30ಕ್ಕೆ ನಿಲ್ಲಿಸಿದೆವು. ಬಟ್ಟೆಯಂಥ ಹಾಳೆ, ಅದರ ಮೇಲೆ ನೊರೆಗಾಜಿನ ಜಲ್ಲಿ, ವಿಕಿರಣ ಸೂಸುವ ರೇಡಾನ್ ಅನಿಲ ಹೊರಹೋಗಲು ಅದರೊಳಗೆ ತೂತಿನ ಕೊಳವೆ, ಮೇಲೆ 10 ಸೆಂಟಿಮೀಟರ್ ಸುಣ್ಣದ ಕಾಂಕ್ರೀಟು, ಕೊನೆಗೆ ಚಪ್ಪಡಿ. ಐರ್ಲೆಂಡಿನ ನೆಲದಿಂದ ಏಳುವ ರೇಡಾನಿಗೆ ಮನೆಯೊಳಗಿನ ಮಿತಿ ಘನ ಮೀಟರಿಗೆ 200 ಬೆಕೆರೆಲ್. ಹಳೆಯ ಮನೆಯೆಂದು ಇದನ್ನು ಅಲಕ್ಷಿಸುವಂತಿಲ್ಲ. ಹೊರಗೆ ಗೋಡೆಗೆ ಆತು ನಿಂತಿದ್ದ ಕಾಂಕ್ರೀಟಿನ ಜಗಲಿಯನ್ನು ಒಡೆದು, ಅಂಗಳದ ಮಟ್ಟವನ್ನು ಒಳನೆಲಕ್ಕಿಂತ 15 ಸೆಂಟಿಮೀಟರ್ ತಗ್ಗಿಸಿ, ಮೇಲ್ಬದಿಯ ನೀರು ಬಳಸಿ ಹೋಗಲು ಜಲ್ಲಿ ತುಂಬಿದ ಕಾಲುವೆ ತೆಗೆದೆವು. ಒಳಗಿನ ತೇವ ಅರ್ಧ ಇಳಿದದ್ದು ಈ ಒಂದು ಕೆಲಸದಿಂದಲೇ ಎಂದು ನನ್ನ ಅಂದಾಜು.

ಹೊರಲೇಪ ಮತ್ತು ಬಿಳಿ

ಎರಡನೆಯ ಬೇಸಿಗೆಯಲ್ಲಿ ಹೊರಗೋಡೆಗೆ ಮೂರು ಪದರ ಗಾರೆ. ಕೊನೆಯದನ್ನು ಕರಣೆಯಿಂದ ಸವರದೆ, ಸಣ್ಣ ಜಲ್ಲಿ ಬೆರೆಸಿ ಎರಚಿದೆವು. ಒರಟು ಮೈಯಲ್ಲಿ ನೀರು ಚದುರುತ್ತದೆ, ಒಣಗಲು ಹೆಚ್ಚು ಮೇಲ್ಮೈಯೂ ಸಿಗುತ್ತದೆ. ಅದರ ಮೇಲೆ ಹಾಲಿನಷ್ಟು ತೆಳುವಾದ ಸುಣ್ಣದ ನೀರು, ಒಂದರ ಮೇಲೊಂದು ಹಲವು ಕೈ. ಬಳಿದಾಗ ಏನೂ ಕಾಣುವುದಿಲ್ಲ, ಒಣಗುತ್ತ ಬಂದಂತೆ ಬಿಳುಪು ಏಳುತ್ತದೆ. ದಪ್ಪ ಬಳಿದರೆ ಹೊಪ್ಪಳೆ ಎದ್ದು ಉದುರುತ್ತದೆ. ಪಾದ್ರಿಗಳು ಸರದಿಯಂತೆ ಮನೆಗೆ ಬಂದು ಪೂಜೆ ನಡೆಸುವ ವರ್ಷ ಮನೆಗೆ ಬಿಳಿ ಬಳಿಯದವರೇ ಇರುತ್ತಿರಲಿಲ್ಲವಂತೆ; ಬಿಳುಪು ಹೆಚ್ಚಲೆಂದು ಬಟ್ಟೆಗೆ ಹಾಕುವ ನೀಲಿಯನ್ನು ಚಿಟಿಕೆಯಷ್ಟು ಬೆರೆಸುವುದು ಇಲ್ಲಿಯೂ ಉಂಟು. ನಾವೂ ಬೆರೆಸಿದೆವು.

ಖರ್ಚಿನ ಬಗ್ಗೆ ಕೇಳುವವರಿಗೆ ಇಷ್ಟು ಹೇಳಬಹುದು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಖಾಲಿ ಬಿದ್ದ ಮನೆಗಳ ದುರಸ್ತಿಗೆ ಸರಕಾರದ ಸಹಾಯಧನವಿದೆ. 2023ರ ಮೇ ತಿಂಗಳಿಂದ ಅದರ ಗರಿಷ್ಠ ಮೊತ್ತ 50,000 ಯೂರೊ, ಪಾಳುಬಿದ್ದ ಮನೆಯೆಂದು ದೃಢಪಟ್ಟರೆ 70,000. ಕೆಲಸ ಮುಗಿದ ಮೇಲೆ ಪರಿಶೀಲಿಸಿಯೇ ಹಣ ಕೊಡುವುದರಿಂದ ಮೊದಲು ಕೈಯಿಂದ ಹಾಕಲು ಸಿದ್ಧರಿರಬೇಕು.

ಉಳಿದಿರುವುದು ಮುಂಬಾಗಿಲು ಮತ್ತು ಪಡುವಣ ಗೋಡೆ. ಬಾಗಿಲಿಗೆ ಹಳೆಯ ಅಳತೆಯಲ್ಲೇ ಅರ್ಧಬಾಗಿಲನ್ನು ಮಾಡಿಸುತ್ತಿದ್ದೇವೆ. ಕೆಳಗಿನದನ್ನು ಮುಚ್ಚಿಟ್ಟರೆ ಕೋಳಿ ಒಳಬರುವುದಿಲ್ಲ, ಮೇಲಿನದನ್ನು ತೆರೆದಿಟ್ಟರೆ ಸಣ್ಣ ಕಿಟಕಿಗಳ ಮನೆಗೆ ಬೆಳಕು ಬರುತ್ತದೆ. ಗಾಳಿಮಳೆಯ ಪೂರ್ತಿ ಹೊಡೆತ ತಿನ್ನುವ ಪಡುವಣ ಗೋಡೆಯ ಒಳಭಾಗದಲ್ಲಿ ತೇವಮಾಪಕ ಇನ್ನೂ ಪಕ್ಕದ ಗೋಡೆಗಳಿಗಿಂತ ಹೆಚ್ಚು ತೋರಿಸುತ್ತಿದೆ. ಅಲ್ಲಿಗೆ ಒಳಲೇಪ ಹಾಕುವುದನ್ನು ಮುಂದಿನ ಮೇ ತಿಂಗಳಿಗೆ ಇಟ್ಟುಕೊಂಡಿದ್ದೇವೆ. ಅಷ್ಟರಲ್ಲಿ ಅಂಕಿ ಇಳಿಯದಿದ್ದರೆ ಚಿಮಣಿ ಮತ್ತು ತಗಡು ಕೂಡುವ ಕಡೆಯ ಸೀಸದ ಪಟ್ಟಿಯನ್ನು ಬಿಚ್ಚಿ ನೋಡಬೇಕೆಂದು ಮೇಸ್ತ್ರಿಯವರು ಹೇಳಿದ್ದಾರೆ.